ಪರದೆಯ ಮೇಲಿನ ಬೊಟ್ಟು

ಹೋದ ವಾರ ಕೊಯಮತ್ತೂರು ರೈಲು ನಿಲ್ದಾಣದಿಂದ ತುಡಿಯಲೂರಿನ ಮನೆಗೆ ಹೋಗಲು ಟ್ಯಾಕ್ಸಿ ಹತ್ತಿದೆ. ಮುಂದಿನ ಸೀಟಿನಲ್ಲಿ ಕೂತು ಬೆಲ್ಟ್ ಎಳೆಯುವಾಗ ಕಣ್ಣು ಡ್ಯಾಶ್‌ಬೋರ್ಡಿನ ನಡುವೆ ನಿಂತಿದ್ದ ದೊಡ್ಡ ಪರದೆಯ ಮೇಲೆ ಬಿತ್ತು. ಡ್ರೈವರಿನ ಕಡೆಯ ಕೆಳಮೂಲೆಯಲ್ಲಿ ಒಂದು ಸ್ಟಿಕ್ಕರ್ ಬೊಟ್ಟು. ಕುಂಕುಮದ ಬಣ್ಣ, ಮೇಲೆ ಮಖಮಲ್ಲಿನಂಥ ತುಪ್ಪಳ. ಹೆಂಗಸರು ಹಣೆಗಿಟ್ಟುಕೊಂಡು, ಮುಖ ತೊಳೆಯುವಾಗ ಬಚ್ಚಲಿನ ಗೋಡೆಗೆ ಅಂಟಿಸಿ ಮರೆತುಬಿಡುತ್ತಾರಲ್ಲ, ಅದೇ.

"ಏನಣ್ಣ, ಕಾರಿಗೂ ಬೊಟ್ಟು ಇಟ್ಟಿದ್ದೀರಿ?" ಎಂದು ತಮಿಳಿನಲ್ಲಿ ಕೇಳಿದೆ.

"ಅದಾ ಸಾರ್? ನೋಡದೇ ಕೈಗೆ ಸಿಗ್ಲಿ ಅಂತ. ಯಾರೋ ಹಳೇ ಡ್ರೈವರ್ ಒಬ್ಬರು ಶುರು ಮಾಡಿದ್ದಂತೆ. ಈಗ ಸ್ಟ್ಯಾಂಡಿನಲ್ಲಿ ಸುಮಾರು ಜನ ಅಂಟಿಸ್ಕೊಂಡಿದ್ದಾರೆ. ಅಪ್‌ಡೇಟ್ ಬಂದಾಗೆಲ್ಲ ನೋಡ್ಕೊಂಡು ಕಿತ್ತು ಬೇರೆ ಕಡೆ ಅಂಟಿಸ್ಬೇಕು. ಅಷ್ಟೇ."

ಅಷ್ಟೇ. ಆ ಮನುಷ್ಯ ಅಷ್ಟು ಸಲೀಸಾಗಿ ಹೇಳಿದ ಮಾತನ್ನು ನಾನು ಒಂದು ಭಾನುವಾರ ಒಬ್ಬರಿಗೆ ಹೇಳಬೇಕಾಗಿತ್ತು. ಹೇಳಲಿಲ್ಲ. ಮಾಮೂಲಾಗಿ ಯಾವ ಟ್ಯಾಕ್ಸಿ ಹತ್ತಿದರೂ ಇಳಿಯುವಷ್ಟರಲ್ಲಿ ಡ್ರೈವರಿನ ಕೆಮ್ಮು, ಬೈಗುಳ, ಫೋನ್ ಎತ್ತುವಾಗಿನ ಗತ್ತು ಎಲ್ಲವನ್ನೂ ಕದ್ದು ಮನೆಗೆ ಒಯ್ಯುವ ನಾನು, ಅವತ್ತು ಬರಿಗೈಯಲ್ಲಿ ಇಳಿದೆ.

ನನ್ನ ವಿದ್ಯೆ ಅದೊಂದೇ. ಬೇರೆಯವರ ದನಿ ತೆಗೆಯುವುದು. ಓದಿದ್ದು ಎಂಜಿನಿಯರಿಂಗು ಎಂದು ಮನೆಯವರು ಊರಿಗೆಲ್ಲ ಹೇಳುತ್ತಾರೆ. ನಾನು ನಾಲ್ಕು ವರ್ಷ ಕಲಿತದ್ದು ಎಚ್ಓಡಿಯ ಮೂಗಿನ ದನಿಯನ್ನು. ನಮ್ಮದು ಹಳೇ ನೇಯ್ಗೆಯವರ ಮನೆ. ಎಷ್ಟು ತಲೆಮಾರಿನ ಹಿಂದೆ ಈ ಸೀಮೆಗೆ ಬಂದೆವೋ ಯಾರಿಗೂ ಲೆಕ್ಕವಿಲ್ಲ. ಕನ್ನಡ ನಮಗೆ ಹೊಸಿಲೊಳಗಿನ ಭಾಷೆ. ಚಪ್ಪಲಿ ಮೆಟ್ಟಿಕೊಂಡರೆ ತಮಿಳು. ಕನ್ನಡದ ಅಕ್ಷರ ಯಾರಿಗೂ ಬಾರದು. ನಾನೂ ಕಲಿತದ್ದು ಕೆಲಸಕ್ಕೆ ಸೇರಿದ ವರ್ಷವೇ, ಆಫೀಸಿನ ಬೆಂಗಳೂರಿನವರ ಮುಂದೆ ಮೆರೆಯಬೇಕೆಂದು. ಹಾಗಾಗಿ ನಾನೀಗ ಬರೆಯುತ್ತಿರುವುದನ್ನು ರಂಗಸಾಮಿ ಮಾಮ ಓದಲಾರರು. ಅವರು ಓದಲಾರರು ಎಂಬ ಧೈರ್ಯದ ಮೇಲೆಯೇ ಬರೆಯುತ್ತಿದ್ದೇನೆ. ನನ್ನ ಧೈರ್ಯದ ಉದ್ದಗಲ ಅಷ್ಟು.

ಮಾಮ ಅಂದರೆ ಅಮ್ಮನ ಅಣ್ಣ. ನಮ್ಮ ಬೀದಿಯ ಕೊನೆಯ ಮನೆ. ಮಗ್ಗದ ಮನೆಯಲ್ಲಿ ಹುಟ್ಟಿದವರು, ಹತ್ತೊಂಬತ್ತನೇ ವಯಸ್ಸಿಗೆ ಮಗ್ಗ ಬಿಟ್ಟು ಸ್ಟೀರಿಂಗ್ ಹಿಡಿದರು. ಆದರೆ ಕೈ ಮಾತ್ರ ಮಗ್ಗದ್ದೇ. ನೇಯುವವರು ಹರಿದ ಎಳೆಯನ್ನು ಕಣ್ಣಿನಿಂದ ಹುಡುಕುವುದಿಲ್ಲ. ಹಾಸಿನ ಮೇಲೆ ಬೆರಳು ಸವರಿಕೊಂಡು ಹೋಗುತ್ತಾರೆ, ಎಳೆ ಇಲ್ಲದ ಕಡೆ ಬೆರಳು ತಾನೇ ನಿಲ್ಲುತ್ತದೆ. ಮಾಮ ಕಾರನ್ನೂ ಹಾಗೇ ಓಡಿಸುತ್ತಿದ್ದರು. ಕಣ್ಣು ರಸ್ತೆಯ ಮೇಲೆ, ಎಡಗೈ ತನ್ನ ಪಾಡಿಗೆ ಅಲೆದು ಎಸಿಯ ತಿರುಪು, ರೇಡಿಯೋದ ತಿರುಪು, ಗಾಜಿಗೆ ಗಾಳಿ ಬಿಡುವ ತಿರುಪು ಎಲ್ಲವನ್ನೂ ಹುಡುಕಿಕೊಳ್ಳುತ್ತಿತ್ತು. ಮೂವತ್ತೆರಡು ವರ್ಷ ಯಾರ ಕಾರಿಗೂ ಒಂದು ಗೀರು ತಂದವರಲ್ಲ.

ನನಗೂ ಅವರಿಗೂ ಚಿಕ್ಕಂದಿನಿಂದ ಒಂದು ಆಟ. ಭಾನುವಾರ ಊಟ ಆದ ಮೇಲೆ ಮಾಮ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಳ್ಳುವರು. ನಾನು ಯಾರದೋ ದನಿ ತೆಗೆಯಬೇಕು, ಅವರು ಯಾರೆಂದು ಹೇಳಬೇಕು. ಹಾಲಿನವನು, ರೇಷನ್ ಅಂಗಡಿಯವಳು, ಜ್ಯೋತಿಷ್ಯ ಹೇಳುವ ಅಜ್ಜ, ಸರೋಜತ್ತೆ ಮಾಮನನ್ನು ಬೈಯುವ ದನಿ. ಅತ್ತೆಯ ದನಿ ತೆಗೆದರೆ ಮಾಮ ಕಣ್ಣು ಮುಚ್ಚಿಕೊಂಡೇ "ಬಂದೆ, ಬಂದೆ" ಎಂದು ಏಳುವರು. ಅಡುಗೆಮನೆಯಿಂದ ಅತ್ತೆಯ ಸೌಟು ಹಾರಿ ಬರುವುದು. ಒಂದು ಸಲವೂ ಮಾಮ ತಪ್ಪು ಹೇಳಿದವರಲ್ಲ.

ಆ ವರ್ಷ ಬೇಸಿಗೆಯ ಮೊದಲಿಗೆ ನನಗೆ ಕೆಲಸ ಸಿಕ್ಕಿತು. ಯಾವುದೋ ಕಾರು ಕಂಪನಿಗಾಗಿ ಪರದೆ ತಯಾರಿಸುವ ಆಫೀಸು. ಹಳೆಯ ತಿರುಪುಗಳನ್ನೆಲ್ಲ ಕಿತ್ತು, ಎಲ್ಲವನ್ನೂ ಒಂದೇ ಗಾಜಿನ ಹಲಗೆಯೊಳಗೆ ತುಂಬಿದ್ದರು. ಅದನ್ನು ಹೊಸದಾಗಿ ಬಿಡಿಸಿ, ಅಂದಗೊಳಿಸಿ, ನಿಜವಾದ ಡ್ರೈವರುಗಳ ಕೈಗೆ ಕೊಟ್ಟು ಅವರು ಏನನ್ನುತ್ತಾರೆ ಎಂದು ನೋಡಬೇಕಾಗಿತ್ತು. ಕೊಯಮತ್ತೂರು ವಿಮಾನ ನಿಲ್ದಾಣದಿಂದ ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಿಗೆ ಹೊರದೇಶದ ಖರೀದಿದಾರರನ್ನು ಕರೆದೊಯ್ಯುವ ಒಬ್ಬ ಗುತ್ತಿಗೆದಾರರ ಬಳಿ ಆ ಕಾರುಗಳಿದ್ದವು. ಮಾಮ ಅಲ್ಲೇ ಡ್ರೈವರು. ನನ್ನ ಕೆಲಸ ಪಕ್ಕದ ಸೀಟಿನಲ್ಲಿ ಕೂತು, ಮಾಡಿ ಎಂದದ್ದನ್ನು ಡ್ರೈವರುಗಳು ಮಾಡುವಾಗ ರಸ್ತೆಯಿಂದ ಕಣ್ಣು ಎಷ್ಟು ಸಲ ತೆಗೆದರು, ಎಷ್ಟು ಸಲ ತಪ್ಪು ಒತ್ತಿದರು ಎಂದು ಗುರುತು ಹಾಕುವುದು. ಕೊನೆಯಲ್ಲಿ ಒಂದು ಹಾಳೆ. ಅದರಲ್ಲಿ ಐದು ಮುಖಗಳು: ಅಳುವುದರಿಂದ ಹಿಡಿದು ಹಲ್ಲು ಕಿಸಿಯುವವರೆಗೆ. ಪ್ರತಿ ಪ್ರಶ್ನೆಗೂ ಒಂದು ಮುಖಕ್ಕೆ ಟಿಕ್ ಹಾಕಬೇಕು.

ನನ್ನನ್ನು ಆರಿಸಿದವರು ಪ್ರದೀಪ್ ಸರ್. ಬೆಂಗಳೂರಿನಿಂದ ಬಂದವರು, ಮೃದು ಮಾತು, ಯಾರ ಮೇಲೂ ದನಿ ಎತ್ತದವರು. ಸಂದರ್ಶನದಲ್ಲಿ ನಾನು ಕನ್ನಡದಲ್ಲಿ ಎರಡು ಮಾತು ಆಡಿದ್ದೇ ತಡ, ಕುರ್ಚಿಯಿಂದ ಮುಂದೆ ಬಾಗಿದರು.

"ಅಯ್ಯೋ, ಇದು ಎಂಥ ಕನ್ನಡ ಗುರು! ತಮಿಳು ರಾಗದಲ್ಲಿ ಕನ್ನಡ! ಇನ್ನೊಂದ್ಸಲ ಹೇಳಿ, ಪ್ಲೀಸ್."

ಹೇಳಿದೆ. ಅಕ್ಕಪಕ್ಕದ ಮೇಜಿನವರನ್ನೆಲ್ಲ ಕರೆದು ಹೇಳಿಸಿದರು. ಕೆಲಸ ಸಿಕ್ಕಿತು. ಆವತ್ತು ಮನೆಗೆ ಬರುವಾಗ ನಾನು ಗಾಳಿಯಲ್ಲಿ ತೇಲುತ್ತಿದ್ದೆ. ಜನ ನನ್ನ ಮಾತಿಗೆ ನಕ್ಕರೋ, ನಮ್ಮ ಮಾತಿಗೆ ನಕ್ಕರೋ ಎಂದು ವಿಚಾರಿಸುವಷ್ಟು ತಲೆ ನನಗಿರಲಿಲ್ಲ. ಕೂದಲಿತ್ತು, ಅದಕ್ಕೆ ಜೆಲ್ ಹಚ್ಚಿದ್ದೆ.

ಚಿತ್ರೈ ತಿಂಗಳ ಬಿಸಿಲು. ಅವಿನಾಶಿ ರಸ್ತೆ ಹೆಂಚಿನಂತೆ ಕಾಯುತ್ತಿತ್ತು. ಕಾರಿನಲ್ಲಿ ಎಸಿ ಹಾಕುವುದಕ್ಕೇ ಪರದೆಯನ್ನು ಎರಡು ಸಲ ಮುಟ್ಟಬೇಕು. ಡ್ರೈವರುಗಳು ಮುಟ್ಟುವ ಬಗೆ ನೋಡಿದರೆ ನನಗೆ ಹಬ್ಬ. ಕುನ್ನತ್ತೂರಿನ ಪಳನಿಸಾಮಿಯಣ್ಣ ಮೊದಲು ಬಸ್ ಕಂಡಕ್ಟರ್ ಆಗಿದ್ದವರು. ಪರದೆ ಮುಟ್ಟುವ ಮೊದಲು ಟಿಕೆಟ್ ಹರಿಯುವವರ ಹಾಗೆ ಬೆರಳನ್ನು ನಾಲಿಗೆಗೆ ತಾಗಿಸಿಕೊಳ್ಳುತ್ತಿದ್ದರು. ಒದ್ದೆ ಬೆರಳಿಗೆ ಪರದೆ ಹುಚ್ಚು ಹಿಡಿದಂತೆ ನಾಲ್ಕು ಹಾಡು ದಾಟಿ ಹೋಗುವುದು. "ಯಾರಪ್ಪಾ ಇಳಿಯೋರು?" ಎಂದು ಅಭ್ಯಾಸಬಲದಿಂದ ಕೂಗುವರು. ಇನ್ನೊಬ್ಬರು ಪರದೆಗೆ ಕಂಪನಿಯವರು ಸುತ್ತಿದ್ದ ಪ್ಲಾಸ್ಟಿಕ್ ತೆಗೆಯಲೇ ಇಲ್ಲ. ಮೇಲೆ ಮೂರು ಪಟ್ಟೆ ವಿಭೂತಿ ಎಳೆದು, ಬೆಳಿಗ್ಗೆ ಕೈ ಮುಗಿದು, ಆಮೇಲೆ ದಿನವೆಲ್ಲ ಅದನ್ನು ಮುಟ್ಟಲಿಲ್ಲ. ಕಿಟಕಿ ಇಳಿಸಿಕೊಂಡು ಓಡಿಸಿದರು.

ಇಷ್ಟೆಲ್ಲ ಆದರೂ ಹಾಳೆ ಕೊಟ್ಟಾಗ ಎಲ್ಲರೂ ಹಲ್ಲು ಕಿಸಿಯುವ ಮುಖಕ್ಕೇ ಟಿಕ್. ಗುತ್ತಿಗೆದಾರರು ಪಕ್ಕದಲ್ಲೇ ಕೂತು ಟೀ ಕುಡಿಯುತ್ತಿದ್ದರಲ್ಲ. ಮಾಮ ಮಾತ್ರ ಎಲ್ಲ ಪ್ರಶ್ನೆಗೂ ನಡುವಿನ ಮುಖ ಆರಿಸಿದರು.

"ಯಾಕೆ ಮಾಮ, ಎಲ್ಲಾದಕ್ಕೂ ಇವನೇ?"

"ಇವ್ನೊಬ್ನೇ ಡಾ ನಮ್ ಥರ ಇರೋದು. ನಗೋಕೂ ಬಿಡಲ್ಲ, ಅಳೋಕೂ ಬಿಡಲ್ಲ."

ಪರದೆ ಬಂದು ಮೂರನೇ ವಾರ ಮಾಮನ ಕಾರಿನಲ್ಲಿ ಬೊಟ್ಟು ಕಂಡೆ. ಕೆಳಮೂಲೆಯಲ್ಲಿ ಮುಂದಿನ ಗಾಜಿಗೆ ಗಾಳಿ ಬಿಡುವ ಗುರುತು ಇತ್ತು. ಅದರ ಮೇಲೆಯೇ ಸರೋಜತ್ತೆಯ ಒಂದು ಸ್ಟಿಕ್ಕರ್ ಬೊಟ್ಟು ಅಂಟಿಸಿದ್ದರು. ಆ ಗುರುತು ಪೂರ್ತಿ ಮುಚ್ಚಿಹೋಗಿತ್ತು.

"ಇದೇನು ಮಾಮ, ಅತ್ತೆ ಜೊತೆಗೇ ಬಂದಂಗಿದೆ?"

"ನಿಮ್ ಗಾಜು ಎಲ್ಲಾ ಒಂದೇ ನುಣುಪು. ಬೆರಳಿಗೆ ಏನೂ ಹೇಳಲ್ಲ. ಕಣ್ ತೆಗ್ದು ನೋಡ್ಬೇಕು. ಇದು ಒಂದು ಅಂಟಿಸಿದ್ನಾ, ಸರಿ ಹೋಯ್ತು." ಅವರು ನನ್ನ ಕಡೆ ತಿರುಗದೆ, ರಸ್ತೆ ನೋಡಿಕೊಂಡೇ ಎಡಗೈ ಚಾಚಿದರು. ಬೆರಳು ಪರದೆಯ ಅಂಚಿನಲ್ಲಿ ಇಳಿದು, ಬೊಟ್ಟಿನ ಮೇಲೆ ನಿಂತು, ಒತ್ತಿತು. ಗಾಜಿಗೆ ಗಾಳಿ ಭರ್ರೆಂದು ಬಂತು.

ನಾನು ಟ್ಯಾಬ್ ನೋಡಿಕೊಂಡು, "ಈ ಕಣ್ಣಾಡಿ ಗಾಳೀನ ಯಾರೂ ಒತ್ತೋದೇ ಇಲ್ಲ ಮಾಮ. ಇದು ಬೇಕಾ, ಬೇಡ್ವಾ? ಯಾವ ಮುಖ?" ಎಂದೆ.

ಆಗ ಅವರು ಹೇಳಿದ ಮಾತು ನನಗೆ ಇವತ್ತಿಗೂ ಅಕ್ಷರ ಬಿಡದೆ ಬರುತ್ತದೆ. ಬರದೇ ಇರುತ್ತದೆಯೇ, ಕದ್ದ ಮಾಲು.

"ಇದು ಚಿತ್ರೈ ಬೇಸ್ಗೆ. ಬೇಸ್ಗೇಲಿ ಬಂದು ಕಣ್ಣಾಡಿಗೆ ಗಾಳಿ ಬೇಕಾ ಬೇಡ್ವಾ ಅಂದ್ರೆ ನಾ ಏನ್ ಹೇಳ್ಲಿ ಡಾ? ಆಡಿ ತಿಂಗ್ಳು ಬರ್ಲಿ. ಪಾಲಕ್ಕಾಡು ಕಡೆಯಿಂದ ಮಳೆ ಹೊಡೀಲಿ. ಕಣ್ಣಾಡಿ ಒಳ್ಗೆಲ್ಲ ಹಬೆ ಕಟ್ಟಿ, ಎದ್ರಿಗೆ ಬರೋ ಲಾರಿ ಹಾಲಿನಾಗೆ ಬಿದ್ದಂಗ್ ಕಾಣ್ಲಿ. ಆಗ ಬಂದು ಕೇಳು. ಆಗ ಈ ಬೊಟ್ಟೇ ನಂಗೆ ಕಣ್ಣು."

ಆ ಹಾಳೆಯಲ್ಲಿ ಇಂಥ ಮಾತು ಬರೆಯಲು ಜಾಗವೇ ಇರಲಿಲ್ಲ. ನಾನು ನಡುವಿನ ಮುಖಕ್ಕೆ ಟಿಕ್ ಹಾಕಿದೆ. ಮಾತನ್ನು ಗಂಟಲಲ್ಲಿ ಇಟ್ಟುಕೊಂಡೆ.

ಚಿತ್ರೈ ಕಳೆದು ವೈಕಾಸಿ ತಿಂಗಳ ಕೊನೆಗೆ, ಇನ್ನೂ ಒಂದು ಹನಿ ಮಳೆ ಬೀಳದಿರುವಾಗ, ಪರೀಕ್ಷೆ ಮುಗಿಯಿತು. ಬೆಂಗಳೂರಿನಿಂದ ನಾಲ್ಕು ಜನ ದೊಡ್ಡವರು ಬಂದರು. ಪ್ರದೀಪ್ ಸರ್ ಒಂದು ಗಂಟೆ ಬಣ್ಣದ ಕಂಬಗಳ ನಕ್ಷೆಗಳನ್ನು ತೋರಿಸಿದರು. ಬಂದವರು ಆಕಳಿಸತೊಡಗಿದಾಗ ನನ್ನ ಕಡೆ ತಿರುಗಿ, "ಈಗ ಸ್ವಲ್ಪ ಮಜಾ. ಗುರು, ನಮ್ಮ ಡ್ರೈವರ್‌ಗಳನ್ನ ಮಾಡಿ ತೋರಿಸಪ್ಪ" ಎಂದರು.

ಪಳನಿಸಾಮಿಯಣ್ಣನ ನಾಲಿಗೆ ಮಾಡಿದೆ. ವಿಭೂತಿಯವರನ್ನು ಮಾಡಿದೆ. ನಕ್ಕರು. ನಗು ಒಳಗೆ ಇಳಿದರೆ ನನಗೆ ಅಮಲು ಏರುತ್ತದೆ. ಆಮೇಲೆ ಮಾಮನನ್ನು ಮಾಡಿದೆ. ರಿಮೋಟಿನ ಮೇಲೆ ಒಂದು ಕೆಂಪು ಪಿನ್ನಿಟ್ಟು ಬೊಟ್ಟು ಮಾಡಿಕೊಂಡೆ. ಎಡಗೈ ಚಾಚಿ, ಕಣ್ಣು ಗೋಡೆಯ ಮೇಲಿಟ್ಟು, ಮಾಮನ ಗಂಟಲಿನ ಆ ಒಣ ಗರಗರ, ಆ ರಾಗ, ಆ 'ಡಾ', ಎಲ್ಲ ಸೇರಿಸಿ ಪೂರ್ತಿ ಹೇಳಿದೆ. ಚಿತ್ರೈ ಬೇಸ್ಗೆಯಿಂದ ಹಿಡಿದು ಬೊಟ್ಟೇ ನಂಗೆ ಕಣ್ಣು ಎಂಬಲ್ಲಿಯವರೆಗೆ. ಒಂದು ಶಬ್ದ ಬಿಡಲಿಲ್ಲ.

ದೊಡ್ಡವರಲ್ಲಿ ಒಬ್ಬರು ಕನ್ನಡಕ ತೆಗೆದು ಕಣ್ಣೀರು ಒರೆಸಿಕೊಂಡರು. "ಹಾಲಿನಾಗೆ ಬಿದ್ದಂಗ್ ಕಾಣ್ಲಿ!" ಎಂದು ಇನ್ನೊಬ್ಬರು ನನ್ನನ್ನೇ ಅಣಕಿಸಿ ಮೇಜು ಬಡಿದರು. ಪ್ರದೀಪ್ ಸರ್ ನನ್ನ ಬೆನ್ನು ತಟ್ಟಿ, "ಸೂಪರ್ ಕಣಪ್ಪ. ಆ ಕನ್ನಡ ಇದೆಯಲ್ಲ, ಅದೇ ಅರ್ಧ ಕಾಮಿಡಿ" ಎಂದರು. ನಾನು ಎದ್ದು ನಿಂತು ನಾಟಕದವರಂತೆ ಬಾಗಿದೆ. ಬಾಗಿ ಏಳುವಾಗ ಗಾಜಿನ ಬಾಗಿಲಿನ ಆಚೆ ಪಳನಿಸಾಮಿಯಣ್ಣ ಕಂಡರು. ಬಂದವರನ್ನು ವಾಪಸು ಕರೆದೊಯ್ಯಲು ಕಾರು ತಂದಿದ್ದರು. ಅವರು ನಗುತ್ತಿರಲಿಲ್ಲ. ಗಾಜಿನ ಆಚೆ ದನಿ ಕೇಳಿಸುವುದಿಲ್ಲವಲ್ಲ, ಅದಕ್ಕೇ ಇರಬೇಕು ಎಂದುಕೊಂಡೆ.

ಅದಾದ ಮೇಲೆ ಒಂದು ಪಟ್ಟಿ ಬಂತು. ಪರದೆಯ ಮುಖಪುಟದಲ್ಲಿ ಏನಿರಬೇಕು, ಏನು ಒಳಗೆ ಹೋಗಬೇಕು ಎಂದು. ಎರಡು ತಿಂಗಳಲ್ಲಿ ಮಾಮನ ಹೊರತು ಯಾರೂ ಒತ್ತದ ಗಾಜಿನ ಗಾಳಿಯ ಗುರುತು ಮೂರು ಪುಟ ಒಳಗೆ ಹೋಗಿತ್ತು. ಅದರ ಜಾಗಕ್ಕೆ ಕಾರಿನೊಳಗೆ ಬಣ್ಣದ ದೀಪ ಹತ್ತಿಸುವ ಗುರುತು ಬಂದಿತ್ತು. ಖರೀದಿದಾರರಿಗೆ ಅದು ಬಹಳ ಇಷ್ಟವಂತೆ. ಪಟ್ಟಿ ಓದಿದಾಗ ನನಗೆ ಮಾಮನ ಬೊಟ್ಟು ನೆನಪಾಯಿತು. ಇಲ್ಲವೆಂದು ಹೇಳಿ ಸುಳ್ಳು ಸೇರಿಸಲಾರೆ. ನೆನಪಾಗಿ, "ಸರ್, ಮಳೆಗಾಲದಲ್ಲಿ..." ಎಂದು ಶುರು ಮಾಡಿದೆ.

"ಮಳೆಗಾಲದಲ್ಲಿ ಹಾಲಿನಾಗೆ ಬಿದ್ದಂಗ್ ಕಾಣ್ತದಾ?" ಎಂದು ಪ್ರದೀಪ್ ಸರ್ ಕಣ್ಣು ಮಿಟುಕಿಸಿದರು. ಸುತ್ತಲಿನವರು ನಕ್ಕರು. ನಾನೂ ನಕ್ಕೆ. ನನ್ನ ಜೋಕಿಗೆ ನಾನೇ ನಗದೆ ಇದ್ದರೆ ಚೆನ್ನಾಗಿರುತ್ತದೆಯೇ?

ಹೋಗಲಿ, ಮಾಮನಿಗೆ ಹೇಳಿದರಾಯಿತು, ಬೊಟ್ಟು ಕಿತ್ತುಹಾಕಲಿ ಎಂದುಕೊಂಡೆ. ಭಾನುವಾರ ಅದನ್ನೇ ಮನಸ್ಸಿನಲ್ಲಿ ಇಟ್ಟುಕೊಂಡು ಅವರ ಮನೆಗೆ ಊಟಕ್ಕೆ ಹೋದೆ. ಸರೋಜತ್ತೆ ಅವರೆಕಾಳು ಸಾರು ಮಾಡಿದ್ದರು. ಕೂತ ತಕ್ಷಣ ಮಾಮ ಕಣ್ಣು ಮುಚ್ಚಿ, "ಹೊಸ ಸರಕು ಇದ್ಯಾ?" ಎಂದರು. ಬೆಂಗಳೂರಿನ ದೊಡ್ಡವರನ್ನು ಮಾಡಿದೆ. ಅವರ ನಗು, ಅವರ ಆಕಳಿಕೆ. ಪ್ರದೀಪ್ ಸರ್ ಟೀ ಊದಿ ಕುಡಿಯುವುದನ್ನು ಮಾಡಿದೆ. ಕಾಣದ ಜನ, ಆದರೂ ಮಾಮ "ಇವ್ರು ನಿಮ್ ಆಫೀಸ್ನವ್ರು, ಹೊಟ್ಟೆ ತುಂಬಿದೋರ್ ದನಿ" ಎಂದು ಸರಿಯಾಗಿ ಹೇಳಿದರು. ಅತ್ತೆ ನಕ್ಕು ನಕ್ಕು ಅನ್ನ ನೆತ್ತಿಗೇರಿಸಿಕೊಂಡರು. ಮಾಮನನ್ನು ಮಾಡಿದ್ದು ಮಾತ್ರ ತೋರಿಸಲಿಲ್ಲ. ಅಷ್ಟು ನಾಚಿಕೆ ಎಲ್ಲೋ ಉಳಿದಿತ್ತು. ಹೊತ್ತು ಹೋದದ್ದೇ ತಿಳಿಯಲಿಲ್ಲ. ಬೀದಿಯ ತಿರುವಿನಲ್ಲಿ, ಬೊಟ್ಟಿನ ವಿಷಯ ಹೇಳಲಿಲ್ಲ ಎಂದು ನೆನಪಾಯಿತು. ವಾಪಸು ಹೋಗಲು ಐವತ್ತು ಹೆಜ್ಜೆ. ಬಿಸಿಲಿತ್ತು. ನಾಳೆ ಫೋನ್ ಮಾಡೋಣ ಎಂದುಕೊಂಡೆ.

ಆ ವಾರವೇ ಕಾರುಗಳು ಶೆಡ್ಡಿನಲ್ಲಿ ನಿಂತಿದ್ದ ಹಾಗೇ ಪರದೆಗಳು ಬದಲಾದವು. ಬೆಳಿಗ್ಗೆ ಕಾರು ಶುರು ಮಾಡಿದಾಗ ಇಂಗ್ಲಿಷಿನಲ್ಲಿ ಒಂದು ಪುಟ, ಕೆಳಗೆ 'ಓಕೆ'. ಎಲ್ಲ ಡ್ರೈವರುಗಳೂ ಮಾಡಿದಂತೆ ಮಾಮನೂ ಓಕೆ ಒತ್ತಿದರು. ಬೊಟ್ಟು ಇದ್ದ ಕಡೆಯೇ ಇತ್ತು. ಅದರ ಅಡಿಯಲ್ಲಿ ಇದ್ದದ್ದು ಹೋಗಿತ್ತು.

ಆಡಿ ತಿಂಗಳ ಗಾಳಿ ಎದ್ದಿತು. ಪಾಲಕ್ಕಾಡಿನ ಕಣಿವೆಯಿಂದ ನುಗ್ಗಿ ಬಂದು ತೆಂಗಿನ ತಲೆಗಳನ್ನು ಒಂದೇ ಕಡೆಗೆ ಬಾಚುವ ಗಾಳಿ. ಒಂದು ಮಧ್ಯಾಹ್ನ ಮಾಮ ಯಾರನ್ನೋ ಉಡುಮಲೈಪೇಟೆಯ ನೂಲಿನ ಗಿರಣಿಗೆ ಬಿಟ್ಟು ಒಬ್ಬರೇ ವಾಪಸು ಬರುತ್ತಿದ್ದರು. ಮಳೆ ಹೊಡೆಯಿತು, ಆ ವರ್ಷದ ಮೊದಲ ಗಟ್ಟಿ ಮಳೆ. ಗಾಜಿನ ಒಳಗೆ ಹಬೆ ಕಟ್ಟಿತು. ಕಣ್ಣು ರಸ್ತೆಯ ಮೇಲಿಟ್ಟು ಎಡಗೈ ಚಾಚಿದರು. ಬೆರಳು ಬೊಟ್ಟಿನ ಮೇಲೆ ನಿಂತಿತು, ಒತ್ತಿತು.

"ಒಳ್ಗೆಲ್ಲ ತಾವರೆ ಬಣ್ಣ ಆಗೋಯ್ತು ಡಾ" ಎಂದರು ಆಮೇಲೆ ನನ್ನ ಹತ್ತಿರ. "ಕಾರ್ ಒಳ್ಗೆ ತಾವರೆ ಬಣ್ಣ, ಹೊರ್ಗೆ ಬಿಳೀ ಬಣ್ಣ. ನಾನ್ ತಪ್ಪು ಒತ್ತಿದ್ನಾ ಅಂತ ಇನ್ನೊಂದ್ ಸಲ ಒತ್ತಿದೆ. ನೀಲಿ ಆಯ್ತು. ಗಾಳಿ ಬರ್ಲಿಲ್ಲ."

ಮೂರನೇ ಸಲ ಒತ್ತುವಾಗ ಕಾರು ಕಾಲುವೆಯ ಮೋರಿಗೋಡೆಗೆ ಹೊಡೆಯಿತು. ಗಾಳಿಚೀಲ ಸಿಡಿದು ತಲೆ ಉಳಿಯಿತು. ಪರದೆಯ ಕಡೆ ಚಾಚಿದ್ದ ಎಡಗೈಯನ್ನು ಅದೇ ಚೀಲ ಎತ್ತಿ ಮುಂದಿನ ಗಾಜಿನ ಚೌಕಟ್ಟಿಗೆ ಬಡಿಯಿತು. ಮಣಿಕಟ್ಟು ಎರಡು ಕಡೆ ಮುರಿಯಿತು. ಮೂಳೆ ಕೂಡುತ್ತದೆ, ಆದರೆ ಬೆರಳಿನ ತುದಿಗೆ ಸ್ಪರ್ಶ ಬರುವುದು ಅನುಮಾನ ಎಂದು ಡಾಕ್ಟರು ಹೇಳಿದಾಗ ಸರೋಜತ್ತೆ, "ಬೆರ್ಳು ಇದೆಯಲ್ಲ, ಸಾಕು ಬಿಡಿ" ಎಂದರು. ಮಾಮ ಕಟ್ಟಿನ ಹೊರಗೆ ಕಂಡ ಬೆರಳ ತುದಿಯನ್ನು ಬಲಗೈಯಿಂದ ಒತ್ತಿ ನೋಡಿಕೊಂಡರು. ಆ ಬೆರಳಿನ ಬೆಲೆ ಅವರೊಬ್ಬರಿಗೇ ಗೊತ್ತಿತ್ತು.

ಮೂರನೇ ದಿನ ಪ್ರದೀಪ್ ಸರ್ ನನ್ನನ್ನು ಒಳಗೆ ಕರೆದರು. ನಿಜವಾಗಿಯೂ ಬೇಜಾರಾಗಿತ್ತು ಅವರಿಗೆ. ಆಸ್ಪತ್ರೆಗೆ ಹಣ್ಣು ಕಳಿಸಿದ್ದರು. "ಅವರ ಹೇಳಿಕೆ ಬೇಕು ಗುರು. ಬೇರೆ ಯಾರಾದ್ರೂ ಹೋದ್ರೆ ಭಾಷೆ ತೊಂದ್ರೆ. ನೀನೇ ಕೇಳಿ ಇಂಗ್ಲಿಷಲ್ಲಿ ಬರ್ಕೊಂಡು ಸಹಿ ಹಾಕಿಸ್ಕೊಂಡು ಬಾ."

"ಏನು ಬರೀಲಿ ಸರ್?"

"ಸತ್ಯ ಬರಿ. ಸುಳ್ಳು ಯಾರಿಗೆ ಬೇಕು? ಪರದೆ ಮೇಲೆ ಹೊರಗಿನ ವಸ್ತು ಅಂಟಿಸಿದ್ರೋ ಇಲ್ವೋ?"

"ಅಂಟಿಸಿದ್ರು."

"ಅದಕ್ಕೆ ನಮ್ಮ ಪರ್ಮಿಷನ್ ಇತ್ತಾ?"

"ಇಲ್ಲ ಸರ್."

"ಅಪ್‌ಡೇಟ್ ಬಂದಾಗ ಓಕೆ ಒತ್ತಿದ್ದರಾ?"

"ಹೌದು."

"ಅಷ್ಟೇ ಬರಿ. ಮೂರೇ ಸಾಲು." ಆಮೇಲೆ, "ಮುಂದಿನ ತಿಂಗಳು ನಿನ್ನ ಕೆಲಸ ಖಾಯಂ ಮಾಡೋಣ ಅಂತಿದ್ದೀನಿ" ಎಂದರು. ಎರಡು ಮಾತಿಗೂ ಸಂಬಂಧವಿಲ್ಲದಂಥ ದನಿಯಲ್ಲಿ ಹೇಳಿದರು. ಆ ದನಿ ಮಾತ್ರ ನನಗೆ ಎಷ್ಟು ಅಭ್ಯಾಸ ಮಾಡಿದರೂ ಬರುವುದಿಲ್ಲ.

ಆಸ್ಪತ್ರೆಯಲ್ಲಿ ಮಾಮ ಎಲ್ಲವನ್ನೂ ಹೇಳಿದರು. ಮಳೆ, ಹಬೆ, ತಾವರೆ ಬಣ್ಣ, ನೀಲಿ ಬಣ್ಣ, ಬೇಸಿಗೆಯಲ್ಲಿ ನನಗೆ ಹೇಳಿದ್ದ ಮಾತು. ನಾನು ತಲೆಯಾಡಿಸುತ್ತಾ ಮೂರು ಸಾಲು ಬರೆದೆ. ಬರೆದದ್ದರಲ್ಲಿ ಒಂದೂ ಸುಳ್ಳಲ್ಲ. ಹಾಳೆ ಮುಂದಿಟ್ಟಾಗ ಅವರು ಬಲಗೈಯಲ್ಲಿ ಪೆನ್ನು ತೆಗೆದುಕೊಂಡರು.

"ಓದ್ಲಾ ಮಾಮ?"

"ಬೇಡ ಡಾ. ನೀನ್ ಬರ್ದಿದ್ರೆ ಸರಿ."

ತಮಿಳಿನಲ್ಲಿ ನಿಧಾನವಾಗಿ ಹೆಸರು ಬರೆದರು. ಅತ್ತೆ ನನಗೆ ಕಂಪನಿ ಕಳಿಸಿದ್ದ ಸೇಬನ್ನೇ ಹೆಚ್ಚಿ ಕೊಟ್ಟರು. ತಿಂದೆ.

ತಪ್ಪು ಡ್ರೈವರದ್ದು ಎಂದು ತೀರ್ಮಾನವಾಯಿತು. ಗುತ್ತಿಗೆದಾರರು ಇನ್ನು ಪರದೆ ಇರುವ ಕಾರಿಗೆ ಇವರನ್ನು ಹತ್ತಿಸುವುದಿಲ್ಲ ಎಂದರು. ಅವರ ಹತ್ತಿರ ಪರದೆ ಇಲ್ಲದ ಕಾರು ಒಂದೂ ಇರಲಿಲ್ಲ. ಮೂವತ್ತೆರಡು ವರ್ಷ ಗೀರು ತಾರದ ಮನುಷ್ಯನ ಹೆಸರಿನ ಮುಂದೆ 'ಅಜಾಗರೂಕ' ಎಂಬ ಮಾತು ಬಂತು. ಬೇರೆ ಸ್ಟ್ಯಾಂಡುಗಳಿಗೂ ಸುದ್ದಿ ಹೋಯಿತು. ನನ್ನ ಕೆಲಸ ಖಾಯಂ ಆಯಿತು. ಗಾಜಿನ ಗಾಳಿಯ ಗುರುತನ್ನು ಸದ್ದಿಲ್ಲದೆ ಮತ್ತೆ ಮುಖಪುಟಕ್ಕೆ ತಂದರು. ಆದರೆ ಹಳೇ ಜಾಗಕ್ಕಲ್ಲ, ಎದುರು ಮೂಲೆಗೆ. ಹಳೇ ಜಾಗಕ್ಕೇ ತಂದಿದ್ದರೆ ತಪ್ಪು ಒಪ್ಪಿಕೊಂಡ ಹಾಗೆ ಆಗುತ್ತಿತ್ತೋ ಏನೋ.

ಮಾಮನ ಮನೆಗೆ ಹೋಗುವುದನ್ನು ನಾನು ಕಡಿಮೆ ಮಾಡಿದೆ. ಭಾನುವಾರಗಳಲ್ಲೇ ನನಗೆ ಕೆಲಸ ಬೀಳುತ್ತಿತ್ತು ನೋಡಿ. ದೀಪಾವಳಿ ಕಳೆದ ಮೇಲೆ ಅಮ್ಮ ಪಲಹಾರದ ಡಬ್ಬಿ ಕೈಗಿತ್ತು, "ಅಣ್ಣನ ಮನೆಗೆ ಕೊಟ್ಟು ಬಾ. ಕೇಳ್ತಿದ್ದ ನಿನ್ನ" ಎಂದು ಅಟ್ಟಿದಳು.

ಮಾಮ ಗೋಡೆಗೆ ಒರಗಿ ಕೂತಿದ್ದರು. ಕಣ್ಣು ಮುಚ್ಚಿತ್ತು. ಮಡಿಲಲ್ಲಿ ಅತ್ತೆಯ ಸ್ಟಿಕ್ಕರ್ ಬೊಟ್ಟಿನ ಹೊಸ ಕಾರ್ಡು. ಎಡಗೈಯ ತೋರುಬೆರಳನ್ನು ಅದರ ಮೇಲೆ ಮೆಲ್ಲಗೆ ಸವರುತ್ತಿದ್ದರು. ಬೆರಳು ಬೊಟ್ಟುಗಳನ್ನು ದಾಟಿ ದಾಟಿ ಹೋಗುತ್ತಿತ್ತು. ಎಲ್ಲೂ ನಿಲ್ಲುತ್ತಿರಲಿಲ್ಲ.

"ದಿನಾ ಹಿಂಗೇ" ಎಂದರು ಅತ್ತೆ, ಅಡುಗೆಮನೆಯಿಂದ. "ಒಂದಾದ್ರೂ ಗೊತ್ತಾದ್ರೆ ಹೇಳ್ತೀನಿ ಅಂತಾರೆ."

ಹೆಜ್ಜೆ ಸದ್ದಿಗೇ ಮಾಮನಿಗೆ ನಾನೆಂದು ತಿಳಿಯಿತು. ಕಣ್ಣು ತೆಗೆಯಲಿಲ್ಲ.

"ಬಾ ಡಾ. ಪಳನಿಸಾಮಿ ಬಂದಿದ್ದ. ನಿಮ್ ಆಫೀಸಲ್ಲಿ ನನ್ನಂಗೆ ಮಾಡಿ ತೋರ್ಸಿದ್ಯಂತೆ. ಗಾಜಿನ್ ಆಚೆ ನಿಂತ್ರೂ ಕೈ ನೋಡಿದ್ರೇ ನಾನೇ ಅಂತ ಗೊತ್ತಾಯ್ತಂತೆ. ನಂಗ್ ಮಾತ್ರ ತೋರ್ಸಿಲ್ಲ. ಮಾಡು ನೋಡೋಣ."

"ಈಗ ಬೇಡ ಮಾಮ."

"ಮಾಡು ಅಂದ್ರೆ."

ಮಾಡಿದೆ. ಚಿತ್ರೈ ಬೇಸ್ಗೆಯಿಂದ ಶುರು ಮಾಡಿದೆ. ಪಾಲಕ್ಕಾಡಿನ ಮಳೆ, ಹಾಲಿನಾಗೆ ಬಿದ್ದ ಲಾರಿ. ಅತ್ತೆ ಸೌಟು ಹಿಡಿದು ಬಾಗಿಲಿಗೆ ಬಂದು ನಿಂತರು. 'ಆಗ ಈ ಬೊಟ್ಟೇ ನಂಗೆ ಕಣ್ಣು' ಎಂದು ಮುಗಿಸುವಾಗ ನನ್ನ ದನಿ ಒಂದಿಷ್ಟೂ ಅಲುಗಲಿಲ್ಲ. ಕಲಾವಿದ ನೋಡಿ.

ಮಾಮ ನಕ್ಕರು. ನಿಜವಾಗಿ, ಹೊಟ್ಟೆಯಿಂದ ನಕ್ಕರು. "ನಾನೇ. ಅಚ್ಚು ನಾನೇ. ಒಂದ್ ಮಾತೂ ಬಿಟ್ಟಿಲ್ಲ." ಬೆರಳನ್ನು ಮತ್ತೆ ಕಾರ್ಡಿನ ಮೇಲಿಟ್ಟು, "ಅಲ್ಲೂ ಇಷ್ಟೂ ಹೇಳಿದ್ಯಾ? ಮಳೆ ವಿಷ್ಯ, ಹಬೆ ವಿಷ್ಯ?" ಎಂದರು.

"ಎಲ್ಲಾ ಹೇಳಿದೆ ಮಾಮ."

"ಹೇಳಿದ್ ಮೇಲೆ ಅವ್ರು ಏನಂದ್ರು?"

"ನಕ್ಕರು."

"ಹೂಂ." ಬೆರಳು ಕಾರ್ಡಿನ ಮೇಲೆ ಇನ್ನೊಂದು ಸಾಲು ದಾಟಿತು. "ಆಸ್ಪತ್ರೇಲಿ ನಾನ್ ಸೈನ್ ಹಾಕಿದ್ನಲ್ಲ, ಆ ಕಾಗ್ದ. ಅದ್ರಾಗೂ ಇಷ್ಟೂ ಬರ್ದಿದ್ಯಾ?"

ಅಡುಗೆಮನೆಯಲ್ಲಿ ಏನೋ ಉಕ್ಕುವ ಸದ್ದಾಯಿತು. ಅತ್ತೆ ಕದಲಲಿಲ್ಲ.

"ಬರ್ದಿದ್ದೀನಿ ಮಾಮ. ಎಲ್ಲಾ ಬರ್ದಿದ್ದೀನಿ" ಎಂದೆ. ಯಾರ ದನಿಯನ್ನೂ ತೆಗೆಯಲಿಲ್ಲ. ನನ್ನದೇ ದನಿಯಲ್ಲಿ ಹೇಳಿದೆ.

ಮಾಮನ ಬೆರಳು ನಿಂತಿತು. ಕಣ್ಣು ಮುಚ್ಚಿಕೊಂಡೇ ತಲೆಯನ್ನು ಒಂದು ಕಡೆಗೆ ಓರೆ ಮಾಡಿದರು, ಭಾನುವಾರದ ಆಟದಲ್ಲಿ ಮಾಡುತ್ತಿದ್ದಂತೆ. ಬಹಳ ಹೊತ್ತು ಕೇಳಿಸಿಕೊಂಡರು.

"ಇದು ಯಾರು ಡಾ?" ಎಂದರು. "ಗೊತ್ತಾಗ್ಲಿಲ್ಲ."